ಗಾಣದ ದೊರೆಯ ಎಡೆ

ಹಳೇಕೋಟೆಯಲ್ಲಿ ಜರ್ಮನಿ ದೇಶದ ಮೇಲೆ ಖುದ್ದಾಗಿ ಸಿಟ್ಟಿಟ್ಟುಕೊಂಡ ಮನುಷ್ಯ ಒಬ್ಬನೇ, ಕಾಂತರಾಜು. ಉಳಿದವರಿಗೆ ಪಕ್ಕದ ಜಮೀನಿನವನ ಮೇಲೆ, ಲೈನ್‌ಮ್ಯಾನ್ ಮೇಲೆ, ಬೀಗರ ಮೇಲೆ ಸಿಟ್ಟಿರುತ್ತದೆ, ಅದು ನ್ಯಾಯ. ಇವನ ಸಿಟ್ಟು ಮಾತ್ರ ಸಮುದ್ರ ದಾಟಿ, ಹ್ಯಾಂಬರ್ಗ್ ಬಂದರಿನಲ್ಲಿ ನೂರ ನಲವತ್ತು ವರ್ಷದ ಹಿಂದೆ ಹಡಗು ಹತ್ತುವವರ ಪಟ್ಟಿ ಬರೆಯುತ್ತ ಕುಳಿತಿದ್ದ ಯಾವನೋ ಗುಮಾಸ್ತನ ಮೇಲೆ ಹೋಗಿ ಬೀಳುತ್ತಿತ್ತು.

"ನೋಡೇ ಇಲ್ಲಿ" ಎಂದು ಹೆಂಡತಿ ಪ್ರೇಮಕುಮಾರಿಯ ಕಡೆ ಲ್ಯಾಪ್‌ಟಾಪ್ ತಿರುಗಿಸುತ್ತಿದ್ದ. "ಹೆಸರು ಅದೆ, ವಯಸ್ಸು ಅದೆ, ಕಸುಬು ಅದೆ, ಯಾವೂರಿಂದ ಬಂದ, ಯಾವೂರಿಗೆ ಓಯ್ತಾನೆ ಎಲ್ಲಾ ಅದೆ. ಅಪ್ಪನ ಹೆಸರು ಮಾತ್ರ ಇಲ್ಲ! ಬಿನ್ ಇಲ್ದೇ ಇರೋ ಪಟ್ಟೀನೂ ಒಂದು ಪಟ್ಟೀನಾ?"

"ಅವರೇನು ನಿಮ್ಮ ತಾಲ್ಲೂಕು ಆಫೀಸಿನವ್ರಾ? ಕಾಫಿ ಆರೋಗ್ತದೆ, ಕುಡೀರಿ" ಎನ್ನುತ್ತಿದ್ದಳು ಅವಳು. ಮೂರು ವರ್ಷದಿಂದ ಕೇಳಿ ಕೇಳಿ ಅವಳ ಕಿವಿಗೂ ತುಕ್ಕು ಹಿಡಿದಿತ್ತು.

ಕಾಂತರಾಜು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ದೂಳು ಕುಡಿದು ರಿಟೈರಾದವನು. ಗಂಡಸಿನ ಹೆಸರಿನ ಮುಂದೆ ಬಿನ್ ಎಂದು ಅಪ್ಪನ ಹೆಸರು, ಹೆಂಗಸಾದರೆ ಕೋಂ ಎಂದು ಗಂಡನ ಹೆಸರು ಇರದಿದ್ದರೆ ಅವನ ಲೆಕ್ಕದಲ್ಲಿ ಆ ಮನುಷ್ಯ ಹುಟ್ಟೇ ಇಲ್ಲ. ನಮ್ಮ ಕಡೆ ಹೆಸರಿಗೇ ಬರ. ತಾತನದನ್ನೇ ಮೊಮ್ಮಗನಿಗೆ ಇಟ್ಟು ಇಟ್ಟು ಒಂದು ಊರಲ್ಲಿ ಒಂದೇ ಹೆಸರಿನ ಆರು ಜನ ಇರುತ್ತಾರೆ. ಯಾವ ಬೋರೇಗೌಡ ಯಾರ ಮಗ ಎಂದು ಬಿಡಿಸಿಕೊಡುವುದರಲ್ಲಿ ಇವನದು ಪಳಗಿದ ಕೈ. ಹೊಳೆನರಸೀಪುರದ ವಕೀಲರು ಈಗಲೂ ವಂಶವೃಕ್ಷ ಹಿಡಿದುಕೊಂಡು ಇವನ ಮನೆಗೆ ಬರುತ್ತಾರೆ. ಇಂಥ ಮಹಾನುಭಾವನಿಗೆ ತನ್ನ ಸ್ವಂತ ಮುತ್ತಾತನ ಹೆಸರು ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಇಷ್ಟು. ಸಾವಿರದ ಎಂಟುನೂರ ಎಂಬತ್ತರ ಆಸುಪಾಸಿನಲ್ಲಿ ಜರ್ಮನಿಯಿಂದ ಒಬ್ಬ ಮೆಕ್ಯಾನಿಕ್ ಹಡಗು ಹತ್ತಿ ಬಂದ. ಕಬ್ಬು ಅರೆಯುವ ಕಬ್ಬಿಣದ ಗಾಣಗಳನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು, ಅರಕಲಗೂಡಿನ ಕಡೆಯಿಂದ ಊರೂರಿಗೆ ಹೋಗಿ ಜೋಡಿಸಿಕೊಡುವುದು ಅವನ ಕಸುಬು. ಹಳೇಕೋಟೆಗೆ ಗಾಣ ಜೋಡಿಸಲು ಬಂದವನು ವಾಪಸು ಹೋಗಲಿಲ್ಲ. ಆಲೆಮನೆಯ ಗೌಡರ ಮಗಳು ದ್ಯಾವಮ್ಮನನ್ನು ಮದುವೆಯಾಗಿ ಇಲ್ಲೇ ನಿಂತುಬಿಟ್ಟ. ಗೌಡರು ಹೇಗೆ ಒಪ್ಪಿದರು, ಕುಲದವರು ಏನೆಂದರು ಎಂಬುದನ್ನೆಲ್ಲ ಆ ಕಾಲದವರು ತಮ್ಮ ಜೊತೆಗೇ ಒಯ್ದರು. ಮಗ ಸಣ್ಣೇಗೌಡನಿಗೆ ಎರಡು ವರ್ಷವಾಗಿದ್ದಾಗ ಜ್ವರ ಬಂದು ಅವನು ಸತ್ತ. ಊರವರ ಬಾಯಲ್ಲಿ ಅವನು ಗಾಣದ ದೊರೆ, ಅಷ್ಟೇ. ಮುಂದೆ ಮಗನ ಹೆಸರಿಗೆ ಖಾತೆ ಮಾಡುವಾಗ ಶಾನುಭೋಗರು 'ಸಣ್ಣೇಗೌಡ ಬಿನ್ ಗಾಣದ ದೊರೆ' ಎಂದು ಗೀಚಿ ಕೈತೊಳೆದುಕೊಂಡಿದ್ದರು. ಆ ಪುಟ ಕಣ್ಣಿಗೆ ಬಿದ್ದಾಗಲೆಲ್ಲ ಕಾಂತರಾಜುವಿಗೆ ಮೈಯೆಲ್ಲ ಉರಿಯುತ್ತಿತ್ತು.

ಹೆಸರು ಬಲ್ಲವಳು ದ್ಯಾವಮ್ಮ ಒಬ್ಬಳೇ. ಅವಳು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳುವವರು ನಮ್ಮ ಕಡೆಯವರಲ್ಲ ಬಿಡಿ. ಗಂಡನ ಹೆಸರು ಹೆಂಡತಿ ಎತ್ತಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಆಗಿನವರ ನಂಬಿಕೆ. ಗಂಡ ಸತ್ತ ಮೇಲೂ ಕಟ್ಟಿದ ನಾಲಿಗೆ ಬಿಚ್ಚಿಕೊಳ್ಳುವುದಿಲ್ಲ. ಸಣ್ಣೇಗೌಡ ಕೇಳಿದಾಗಲೆಲ್ಲ ಆಕೆ ಮೊದಮೊದಲು ಸುಮ್ಮನಿರುತ್ತಿದ್ದಳಂತೆ. ವಯಸ್ಸಾದ ಮೇಲೆ ಮಾತ್ರ ಒಂದು ಮಾತು ಹೇಳಲು ಶುರುಮಾಡಿದಳು: "ಹೆಸರು ಮನೇಲೇ ಅದೆ. ಹುಡುಕ್ಕೋ ಓಗು." ಸಣ್ಣೇಗೌಡ ಅಟ್ಟ ಹತ್ತಿದ, ಟ್ರಂಕು ಬಿಚ್ಚಿದ, ಕಾಳು ತುಂಬುವ ಹಗೇವಿಗೂ ಇಳಿದು ನೋಡಿದ. ಒಂದು ಚೂರು ಕಾಗದವೂ ಸಿಗಲಿಲ್ಲ. ದ್ಯಾವಮ್ಮ ತೀರಿಕೊಂಡ ಹನ್ನೊಂದು ವರ್ಷಕ್ಕೆ ಅವನೂ ಹೊರಟ. ಹೊರಡುವ ಮುಂಚೆ ಸೊಸೆ ಅನಸೂಯಮ್ಮನ ಕೈ ಹಿಡಿದುಕೊಂಡು, "ನಮ್ಮಪ್ಪನ ಹೆಸರು ಹಿಡಿದು ಒಂದು ಎಡೆ ಇಕ್ಸವ್ವ" ಎಂದ. ಆಕೆ "ಆಗಲಿ ಮಾವ" ಎಂದಳು. ಅಲ್ಲಿಂದ ಶುರುವಾಯಿತು ಈ ಪೀಡೆ.

ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವುದು ಎಂದರೆ ಸುಮ್ಮನೆ ಬಡಿಸಿ ಬರುವುದಲ್ಲ. ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆ, ಅವರವರಿಗೆ ಇಷ್ಟವಾದ ಅಡುಗೆ, ಹೊಸ ಬಟ್ಟೆ. ಮನೆಯ ಗಂಡಸು ಧೂಪ ಹಾಕಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯಬೇಕು. ಆಮೇಲೆ ಎಲ್ಲರೂ ಆಚೆ ಬಂದು ಬಾಗಿಲು ಹಾಕಿ ಅವರನ್ನು ಉಣ್ಣಲು ಬಿಡಬೇಕು. ಹೆಸರು ಹಿಡಿದು ಕರೆಯದಿದ್ದರೆ ಹಿರಿಯರು ಹೊಸ್ತಿಲು ದಾಟುವುದಿಲ್ಲ. ಗಾಣದ ದೊರೆಯನ್ನು ಮೊದಲು ಸಣ್ಣೇಗೌಡ, ಆಮೇಲೆ ಕಾಂತರಾಜುವಿನ ಅಪ್ಪ ರಾಮಣ್ಣ, ಆಮೇಲೆ ಕಾಂತರಾಜು "ದೊರೆ, ಬಾಪ್ಪಾ" ಎಂದೇ ಕರೆದು ದಾಟಿಸಿದ್ದರು.

ಮೂರು ವರ್ಷದ ಹಿಂದೆ ಅನಸೂಯಮ್ಮ ಇದ್ದಕ್ಕಿದ್ದಂತೆ ಹಟ ಹಿಡಿದಳು. ಆಗ ಆಕೆಗೆ ಎಂಬತ್ತನಾಲ್ಕು.

"ದೊರೆ ಅಂತ ಯಾರಾದ್ರೂ ಕರೀತಾರೇನ್ಲಾ? ದೊರೆಗಳು ಸಾವ್ರ ಜನ ಅವ್ರೆ. ನಾಳೆ ನಾನು ಅಲ್ಲಿಗೆ ಓದಾಗ ಮಾವ ಎದುರಿಗೆ ನಿಂತ್ಕಂಡು, ನಮ್ಮಪ್ಪನ ಹೆಸರು ಹಿಡ್ದು ಎಡೆ ಇಕ್ಸಿದ್ಯೇನವ್ವಾ ಅಂದ್ರೆ ನಾನೇನ್ಲಾ ಯೋಳ್ಲಿ?"

"ಅವ್ವ, ನೂರಾ ಮೂವತ್ತು ವರ್ಷ ಆಗೋಗದೆ..."

"ಊರೋರ ಅಪ್ಪಂದಿರ ಹೆಸರೆಲ್ಲಾ ಹುಡುಕ್ಕೊಟ್ಟೆ. ನಿಮ್ಮ ಮನೇದು ಹುಡುಕಕ್ಕೆ ಆಗಲ್ವಾ? ಮೂವತ್ತನಾಕು ವರ್ಷ ಅದೇನು ಮಾಡ್ದೆ ಅಲ್ಲಿ, ಇಲಿ ಕಾಯ್ತಿದ್ದಾ?"

ಆ ಮಾತು ನಾಟಿತು. ಕಾಂತರಾಜು ಮರುದಿನವೇ ಹೊಸ ಫೈಲು ಕೊಂಡುಕೊಂಡು ಬಂದ.

ಮೊದಲು ಮಾಡಿದ ಕೆಲಸವೇ ಎಡವಟ್ಟು. 'ಹೆಸರು ಮನೇಲೇ ಅದೆ' ಎಂದಳಲ್ಲ ಮುತ್ತಜ್ಜಿ, ಅವನಿಗೆ ಹಿತ್ತಲಿನ ಹಳೇ ಗಾಣ ನೆನಪಾಯಿತು. ತುಕ್ಕು ಕೆರೆದು ಸೀಮೆಎಣ್ಣೆ ಹಾಕಿ ಉಜ್ಜಿದರೆ, ಅಹಾ! ಎರಕದಲ್ಲಿ ಮೂಡಿದ ಇಂಗ್ಲಿಷ್ ಅಕ್ಷರಗಳು: ಹೋಲ್ಟ್‌ಹೌಸ್. ಕಾಂತರಾಜು ಗಾಣದ ಸುತ್ತ ಒಂದು ಸುತ್ತು ಬಂದು ಕೈಮುಗಿದ. ಚನ್ನರಾಯಪಟ್ಟಣದಲ್ಲಿದ್ದ ಮಗಳು ಸ್ಪಂದನಾಳ ಮನೆಗೆ ಅವತ್ತೇ ಬಸ್ಸು ಹತ್ತಿದ. ಸ್ಪಂದನಾ ಅಲ್ಲೇ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಅವಳ ಗಂಡ ಮನುವಿಗೆ ಕೊಬ್ಬರಿ ವ್ಯಾಪಾರ. ಅವಳೇ ಹ್ಯಾಂಬರ್ಗಿನ ಹಡಗುಪಟ್ಟಿ ಇಂಟರ್‌ನೆಟ್ಟಿನಲ್ಲಿ ಇದೆ ಎಂದು ಕಂಡುಹಿಡಿದು, ಅಪ್ಪನಿಗೆ ಅದರ ಚಟ ಹಿಡಿಸಿದಳು.

ಎರಡು ವರ್ಷ. ಎರಡು ವರ್ಷ ಅವನು ಹೋಲ್ಟ್‌ಹೌಸ್‌ಗಳನ್ನು ಬೆನ್ನಟ್ಟಿದ. ಹಡಗು ಹತ್ತಿದ ಹೋಲ್ಟ್‌ಹೌಸ್‌ಗಳೆಲ್ಲ ಅಮೆರಿಕಕ್ಕೇ ಹೋಗುತ್ತಿದ್ದರು. "ಇವಕ್ಕೆ ಬೇರೆ ದೇಸವೇ ಕಾಣ್ನಿಲ್ವಾ?" ಎಂದು ರೇಗುತ್ತಿದ್ದ. ಇನ್ನೊಂದು ಬಂದರಿನಲ್ಲಿ, ಇಡಲು ಜಾಗ ಸಾಲದು ಎಂದು ಹಳೇ ಪಟ್ಟಿಗಳನ್ನು ಮೂರು ವರ್ಷಕ್ಕೊಮ್ಮೆ ನಾಶ ಮಾಡುತ್ತಿದ್ದರು ಎಂದು ಓದಿದ ದಿನ ಅವನು ರಾತ್ರಿಯ ಮುದ್ದೆ ಮುಟ್ಟಲಿಲ್ಲ. ಇವನು ಗೆದ್ದಲಿನ ಜೊತೆ, ಸೋರುವ ಸೂರಿನ ಜೊತೆ, ಕಡತ ಎತ್ತಿಕೊಂಡು ಹೋಗಿ ಮರೆಯುವ ಸಾಹೇಬರ ಜೊತೆ ಗುದ್ದಾಡಿ ಒಂದೊಂದು ಹಾಳೆ ಉಳಿಸಿದವನು. ಜಾಗ ಇಲ್ಲವಂತೆ! ಮಂಚದ ಕೆಳಗೆ ಇಟ್ಟುಕೊಳ್ಳಬಾರದಿತ್ತೇ!

ಜರ್ಮನಿಯ ದಫ್ತರಖಾನೆಗೆ ಸ್ಪಂದನಾ ಇಂಗ್ಲಿಷಿನಲ್ಲಿ ಬರೆದರೆ ಉತ್ತರ ಜರ್ಮನ್‌ನಲ್ಲಿ ಬರುತ್ತಿತ್ತು. ಮೊಬೈಲು ಅದನ್ನು ಕನ್ನಡಕ್ಕೆ ತಿರುಗಿಸಿದರೆ ಮೂಲವೇ ವಾಸಿ ಅನ್ನಿಸುತ್ತಿತ್ತು. ಅದಕ್ಕೆಂದು ಹಾಸನದ ನಂಜುಂಡಯ್ಯನವರ ಕಾಲು ಹಿಡಿಯಬೇಕಾಯಿತು. ಅವರು ಯಾವುದೋ ಕಾರ್ಖಾನೆಯಲ್ಲಿ ಜರ್ಮನ್ ಯಂತ್ರಗಳ ಜೊತೆ ಮೂವತ್ತು ವರ್ಷ ಕಳೆದು ಆ ಭಾಷೆ ಕಲಿತವರು. ಕಾಗದ ಓದಿ ಹೇಳಿ ಸ್ವಾಮಿ ಎಂದರೆ ಅವರು ಪಾಠ ಶುರುಮಾಡುವರು.

"ನೋಡಿ ಕಾಂತರಾಜು, ಜರ್ಮನ್ ಭಾಷೆಯಲ್ಲಿ ಮೇಜು ಗಂಡು, ದೀಪ ಹೆಣ್ಣು. ಎಂಥ ಸೊಗಸು!"

"ಸೊಗಸು ಸಾ. ನಮ್ಮ ಮುತ್ತಾತನ ವಿಷಯ ಏನು ಬರ್ದವ್ರೆ?"

"ಅದಕ್ಕೇ ಬರುತ್ತಿದ್ದೇನೆ. ಕ್ರಿಯಾಪದ ಕೊನೆಯಲ್ಲಿ ಬರುತ್ತದೆ, ತಾಳ್ಮೆ ಬೇಕು."

ತಾಳ್ಮೆಯಂತೆ. ಮೂರು ಬಸ್ಸು ಬದಲಿಸಿ ಬಂದವನ ಹತ್ತಿರ. ಕೊನೆಗೆ ಕ್ರಿಯಾಪದ ಬಂದಾಗ ಅದು ಹೀಗಿತ್ತು: ತಾವು ಕೇಳುತ್ತಿರುವ ಹೋಲ್ಟ್‌ಹೌಸ್ ಎಂಬುದು ಕೃಷಿ ಯಂತ್ರಗಳನ್ನು ಎರಕ ಹೊಯ್ಯುತ್ತಿದ್ದ ಒಂದು ಕಾರ್ಖಾನೆ, ಅಂಥ ಗಾಣಗಳನ್ನು ಅದು ಸಾವಿರಾರು ಮಾಡಿ ಮಾರಿದೆ, ತಮ್ಮ ಪೂರ್ವಿಕರ ಹೆಸರು ಅದಾಗಿರಲು ಕಾರಣವೇನೂ ಕಾಣುವುದಿಲ್ಲ.

ಕಾಂತರಾಜು ನಂಜುಂಡಯ್ಯನವರ ಜಗುಲಿಯಲ್ಲಿ ತಲೆಯ ಮೇಲೆ ಕೈಹೊತ್ತು ಕುಳಿತ. ಎರಡು ವರ್ಷ ಅವನು ಗಾಣದ ವಂಶವೃಕ್ಷ ಹುಡುಕಿದ್ದ. ಹೊಲಿಗೆ ಯಂತ್ರದ ಮೇಲಿನ ಹೆಸರನ್ನು ದರ್ಜಿಯ ಹೆಸರೆಂದು ಬಗೆದು ಅವನ ಅಪ್ಪನನ್ನು ಹುಡುಕುತ್ತ ಹೋದಂತೆ. ಬೇರೆ ಯಾರಾದರೂ ಇಂಥ ಅರ್ಜಿ ಹಿಡಿದು ರೆಕಾರ್ಡ್ ರೂಮಿಗೆ ಬಂದಿದ್ದರೆ ಅವನೇ ನಕ್ಕು ಅಟ್ಟುತ್ತಿದ್ದ.

ಮನೆಗೆ ಬಂದು ಹೇಳಿದರೆ ಅನಸೂಯಮ್ಮ ನಗಲಿಲ್ಲ, ಬೈಯಲಿಲ್ಲ. "ಪಾನಕದ ಹಬ್ಬಕ್ಕೆ ತತ್ತೀನಿ ಅಂದೆ. ಬಂತು, ಓಯ್ತು" ಎಂದಳು ಅಷ್ಟೇ. ಪಾನಕದ ಹಬ್ಬವೆಂದರೆ ರಾಮನವಮಿ. ಗಂಡನ ಹೆಸರು ರಾಮಣ್ಣನಾದ್ದರಿಂದ ಅನಸೂಯಮ್ಮ ಆ ಹಬ್ಬವನ್ನೂ ಹೆಸರು ಹಿಡಿದು ಕರೆಯಳು. ಹೋದ ಜ್ಯೇಷ್ಠದಲ್ಲಿ ಬ್ಯಾಂಕಿನಲ್ಲಿ ಆಧಾರ್ ಜೋಡಿಸುವ ಹುಡುಗಿ "ಗಂಡನ ಹೆಸರು ಹೇಳಜ್ಜಿ" ಎಂದು ಮೂರು ಸಲ ಕೇಳಿದರೂ ಆಕೆ ಸೆರಗು ಬಾಯಿಗೆ ಹಿಡಿದು ಕಾಂತರಾಜುವಿನ ಮುಖ ನೋಡಿದ್ದಳು. ಹುಡುಗಿ "ಅಜ್ಜೀನೇ ಹೇಳಬೇಕು ಸರ್" ಎಂದಳು. ಹಿಂದೆ ಕ್ಯೂನಲ್ಲಿದ್ದವರು ಗೊಣಗಿದರು. ಕಾಂತರಾಜು ತಾಯಿಯ ಮೇಲೆ, ಬ್ಯಾಂಕಿನ ಮೇಲೆ, ಒಟ್ಟು ಹೆಣ್ಣುಕುಲದ ಮೇಲೆ ಹಲ್ಲು ಕಡಿದಿದ್ದ. ಅಪ್ಪ ಸತ್ತು ಹದಿನಾರು ವರ್ಷವಾಗಿತ್ತು. ಇನ್ನು ಯಾರ ಆಯುಸ್ಸು ಕಡಿಮೆಯಾಗಬೇಕಿತ್ತು?

ಈ ವರ್ಷ ಶ್ರಾವಣದಲ್ಲಿ ಅನಸೂಯಮ್ಮನಿಗೆ ಎದೆನೋವು ಬಂತು. ಹಾಸನದ ಡಾಕ್ಟರು ಕಾಂತರಾಜುವನ್ನು ಪಕ್ಕಕ್ಕೆ ಕರೆದು, ಹಾರ್ಟು ಬಹಳ ವೀಕು, ಜೋಪಾನ ಎಂದರು. ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ. ವಾಪಸು ಬರುವಾಗ ಕಾರಿನ ಕಿಟಕಿಯಿಂದ ಆಚೆ ನೋಡುತ್ತ, "ಇದೇ ಕೊನೇ ಎಡೆ ಕಣ್ಲಾ ಕಾಂತ, ನಾನು ನಿಂತು ಮಾಡ್ಸೋದು" ಎಂದಳು.

ಕಾಂತರಾಜು ದಾರಿಯುದ್ದಕ್ಕೂ ಅದನ್ನೇ ನೆನೆದು ಸಂಕಟಪಟ್ಟ. ಆಮೇಲೆ ಅದೇ ಸಿಟ್ಟಾಯಿತು, ಅವನಿಗೆ ಎಲ್ಲವೂ ಕೊನೆಗೆ ಸಿಟ್ಟೇ ಆಗುತ್ತಿತ್ತು. ಅರಕಲಗೂಡಿಗೆ ಎರಡು ಸಲ ಹೋಗಿ ಹಳೇ ಆಲೆಮನೆಗಳವರನ್ನು ವಿಚಾರಿಸಿದ. ಒಬ್ಬ ಮುದುಕ ಎರಡು ಗಂಟೆ ತನ್ನ ಮಂಡಿನೋವಿನ ಕತೆ ಹೇಳಿ, "ಜರ್ಮನೀನಾ? ನಾನೇನು ಕಂಡೆ ಸಾ" ಎಂದ. ಹಾಸನದಲ್ಲಿ ಹಳೇ ಗೋರಿಗಳ ಕಲ್ಲು ಓದಿದ. ಜರ್ಮನಿಗೆ ಇನ್ನೊಂದು ಅರ್ಜಿ ಹಾಕಿಸಿದ: ಹಡಗುಪಟ್ಟಿ ಬೇಡ, ದೇಶ ಬಿಡಲು ಸರ್ಕಾರದ ಅಪ್ಪಣೆ ಕೇಳಿದವರ ಕಡತ ನೋಡಿ, ಇಂಡಿಯಾಕ್ಕೆ ಹೊರಟ ಮೆಕ್ಯಾನಿಕ್ಕುಗಳು ಯಾರಾದರೂ ಇದ್ದಾರೆಯೇ?

ಉತ್ತರ ಬಂದದ್ದು ಮಹಾಲಯ ಅಮಾವಾಸ್ಯೆಯ ದಿನವೇ, ಬೆಳಿಗ್ಗೆ ಹತ್ತು ಗಂಟೆಗೆ. ಎಡೆ ಅವತ್ತೇ ಸಂಜೆ. ಸ್ಪಂದನಾ ಮೇಲ್ ಕಳಿಸಿದಳು, ನಂಜುಂಡಯ್ಯನವರು ಫೋನಿನಲ್ಲೇ ಓದಿದರು. ಪುಣ್ಯಕ್ಕೆ ಅವತ್ತು ವ್ಯಾಕರಣ ಹೇಳಲಿಲ್ಲ.

"ಮೂವರು ಸಿಕ್ಕಿದ್ದಾರೆ. ಯೋಹಾನ್ ವೀಗಾಂಡ್, ಹೈನ್ರಿಷ್ ಲೋಸ್, ಕಾರ್ಲ್ ಬ್ರೆಮರ್. ಮೂವರೂ ಮೆಕ್ಯಾನಿಕ್ಕುಗಳು, ಮೂವರೂ ಇಂಡಿಯಾ ಎಂದು ಬರೆಸಿದ್ದಾರೆ. ಇವರಲ್ಲಿ ತಮ್ಮವರು ಯಾರು, ಅಥವಾ ಯಾರಾದರೂ ಹೌದೋ ಅಲ್ಲವೋ, ಹೇಳಲಾಗದ್ದಕ್ಕೆ ವಿಷಾದಿಸುತ್ತೇವೆ ಅಂತ ಬರೆದಿದ್ದಾರೆ."

"ವಿಷಾದಿಸ್ತಾರಂತೆ!" ಎಂದು ಕಾಂತರಾಜು ಫೋನು ಇಟ್ಟ. ಆದರೂ ಹೊಳೆನರಸೀಪುರಕ್ಕೆ ಸ್ಕೂಟರಿನಲ್ಲಿ ಹೋಗಿ ಆ ಮೇಲ್ ಪ್ರಿಂಟ್ ಹಾಕಿಸಿಕೊಂಡು ಬಂದ. ಕಾಗದ ಕಾಗದವೇ.

ಸಂಜೆ ನಡುಮನೆಯಲ್ಲಿ ನಾಲ್ಕು ಬಾಳೆಲೆ ಸಾಲಾಗಿ ಹಾಸಿದ್ದರು. ರಾಮಣ್ಣನಿಗೆ ಮಟನ್ ಸಾರು, ಮುದ್ದೆ, ಹೊಸ ಪಂಚೆ, ಒಂದು ಕ್ವಾರ್ಟರ್ ಬ್ರಾಂದಿ. ಸಣ್ಣೇಗೌಡನಿಗೆ ನಾಟಿಕೋಳಿ ಸಾರು, ಒಂದು ಕಟ್ಟು ಬೀಡಿ. ದ್ಯಾವಮ್ಮನಿಗೆ ಹೊಸ ಸೀರೆ, ಒಬ್ಬಟ್ಟು, ಎಲೆ ಅಡಿಕೆ ಹೊಗೆಸೊಪ್ಪು. ದೊರೆಗೆ ಏನಿಷ್ಟವೆಂದು ಯಾರಿಗೂ ಗೊತ್ತಿಲ್ಲದ್ದರಿಂದ ಪ್ರತಿ ವರ್ಷದ ಹಾಗೆ ಪ್ರೇಮಕುಮಾರಿ ಬೇಕರಿಯಿಂದ ಒಂದು ಪೌಂಡು ಬ್ರೆಡ್ಡು ತರಿಸಿ ಇಟ್ಟಿದ್ದಳು. ಸ್ಪಂದನಾ, ಮನು ಚನ್ನರಾಯಪಟ್ಟಣದಿಂದ ಬಂದಿದ್ದರು. ಅನಸೂಯಮ್ಮ ಗೋಡೆಗೆ ಒರಗಿ ಕುರ್ಚಿಯಲ್ಲಿ ಕುಳಿತಿದ್ದಳು.

ಕಾಂತರಾಜು ಜೇಬಿನಿಂದ ಪ್ರಿಂಟು ತೆಗೆದು ವಿಷಯ ವಿವರಿಸಿದ. "ಮೂರು ಹೆಸರೂ ಕರ್ದುಬುಡ್ತೀನಿ ಅವ್ವ. ಮೂರರಲ್ಲಿ ಒಂದು ತಾಕೇ ತಾಕ್ತದೆ."

"ಎಲೆ ಒಂದೇ ಅಲ್ವೇನ್ಲಾ?"

"ಒಂದೇ."

"ಒಂದು ಎಲೆ ಆಕಿ ಮೂರು ಜನ ಕರದ್ರೆ ಒಳಗೆ ಜಗಳ ಆಗಲ್ವೇನ್ಲಾ? ಇಬ್ರು ಯಾರ ಮನೆಯೋರೋ ಏನೋ. ಊಟಕ್ಕೆ ಕರ್ದು ಅವಮಾನ ಮಾಡ್ದಂಗೆ."

"ಅಂಗಾದ್ರೆ ಇನ್ನೆರಡು ಎಲೆ ಆಕ್ಸು!"

"ಕಂಡೋರಿಗೆ ನಾನ್ಯಾಕ್ಲಾ ಎಡೆ ಇಕ್ಲಿ? ನಮ್ಮೋನು ಯಾರು ಅಂತ ಯೋಳು ಅಂದೆ. ಲಾಟರಿ ಎತ್ತು ಅಂದ್ನಾ?"

ಕಾಂತರಾಜುವಿಗೆ ಇನ್ನು ತಡೆಯಲಾಗಲಿಲ್ಲ. "ಮೂರು ವರ್ಷ!" ಎಂದು ಕಿರುಚಿದ. "ಮೂರು ವರ್ಷ ಕಣ್ಣು ಕಳ್ಕಂಡಿವ್ನಿ. ಆ ಯಮ್ಮ ಬಾಯಿ ಬಿಟ್ಟು ಒಂದು ಸಲ, ಒಂದೇ ಒಂದು ಸಲ ಯೋಳಿದ್ರೆ ಈ ಗೋಳು ಇತ್ತಾ? ಅದೇನು ಹೆಣ್ಮಕ್ಳೋ ನೀವು! ಗಂಡನ ಜೊತೆ ಬಾಳ್ಬೋದು, ಮಕ್ಳು ಎರಬೋದು, ಹೆಸರು ಯೋಳಕ್ಕೆ ಆಗಲ್ಲ!"

ಅನಸೂಯಮ್ಮನ ಕಣ್ಣಲ್ಲಿ ನೀರು ತುಂಬಿತು. ಅದನ್ನು ನೋಡಿ ಕಾಂತರಾಜುವಿಗೆ ತನ್ನ ನಾಲಿಗೆ ಕಿತ್ತು ಹಾಕಬೇಕೆನಿಸಿತು, ಆದರೆ ಆಡಿದ್ದನ್ನು ನುಂಗುವುದು ಹೇಗೆ?

ಸ್ಪಂದನಾ ಅಜ್ಜಿಯ ಪಕ್ಕ ಬಂದು ಕುಳಿತಳು. "ಮನು, ಆ ಫ್ಯಾನ್ ಸ್ವಲ್ಪ ಹಾಕು" ಎಂದಳು. ಗಂಡನ ಹೆಸರು ಹಾಗೆ ಗಂಟೆ ಬಾರಿಸಿದಂತೆ ಕೂಗುವ ಮೊಮ್ಮಗಳನ್ನು ಬೇರೆ ದಿನವಾದರೆ ಅಜ್ಜಿ ಗದರುತ್ತಿದ್ದಳು. ಅವತ್ತು ಸುಮ್ಮನಿದ್ದಳು. ಸ್ಪಂದನಾ ಮಾತು ತಿರುಗಿಸಲು ಕೇಳಿದಳು. "ಅಜ್ಜಿ, ನೀನು ತಾತನ ಹೆಸರು ಜನ್ಮದಲ್ಲಿ ಒಂದು ಸಲಾನೂ ಹೇಳಿಲ್ವಾ?"

"ಯೋಳ್ದೆ ಏನವ್ವ. ಮದ್ವೆಯಾಗಿ ಮನೆ ತುಂಬ್ಸಕೊಂಡಾಗ ಯೋಳ್ಲಿಲ್ವಾ? ಗಂಡನ ಹೆಸರು ಯೋಳ್ದೇ ಒಳೀಕ್ಕೆ ಬಿಡೋ ಪದ್ಧತಿ ಇಲ್ಲ ಆಗ. ಇದೇ ಹೊಸ್ತಿಲಲ್ಲಿ ದ್ಯಾವಜ್ಜಿ ಅಡ್ಡ ನಿಂತ್ಕಂತು. ಎಂಬತ್ತು ದಾಟಿತ್ತು ಆ ಜೀವಕ್ಕೆ. ಯೋಳವ್ವ ಅಂತು. ನಾನು ನಾಚ್ಕಂಡು ಮೆತ್ತಗೆ ಯೋಳ್ದೆ. ಕೇಳಿಸ್ನಿಲ್ಲ, ಇನ್ನೊಂದು ಸಲ ಅಂತು. ಯೋಳ್ದೆ. ಇನ್ನೊಂದು ಸಲ ಅಂತು. ಎಲ್ಲಾರೂ ನಗ್ತಿದ್ರು. ಆ ಯಮ್ಮ ಮಾತ್ರ ಅಳ್ತಿತ್ತು."

ಅನಸೂಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಷ್ಟಕ್ಕೇ ಬಿಡ್ನಿಲ್ಲ. ಆಮೇಲೆ ಎರಡು ವರ್ಷ ಬದುಕಿತ್ತಲ್ಲ, ಗಂಡಸ್ರು ಹೊಲಕ್ಕೆ ಓಗಿರೋ ಹೊತ್ತಲ್ಲಿ ಹತ್ರ ಕರ್ದು, ನಿನ್ನ ಗಂಡನ ಹೆಸರು ಯೋಳೇ ಕೂಸೇ, ಯಾರೂ ಇಲ್ಲ ಅನ್ನೋದು. ನಂಗೆ ಭಯ. ಕಾಡಿ ಬೇಡಿ ಯೋಳ್ಸೋದು. ಕಣ್ಮುಚ್ಕಂಡು ಕೇಳೋದು. ಸಾಯೋ ದಿನಾನೂ ಕೇಳ್ತು. ವಯಸ್ಸಾದೋರ ಚೇಷ್ಟೆ ಅನ್ಕಂಡೆ ನಾನು."

"ಅವರೇ ಕರೀಬೋದಿತ್ತಲ್ಲ, ಮೊಮ್ಮಗ ತಾನೆ?" ಎಂದಳು ಸ್ಪಂದನಾ.

"ಎಲ್ಲಿ ಕರೀತು? ನಿಮ್ಮ ತಾತನ್ನ ಆ ಯಮ್ಮ ಅಪ್ಪಯ್ಯ ಅಂತಿತ್ತೇ ಹೊರ್ತು, ಹೆಸರು ಹಿಡಿದಿದ್ದು ನಾನು ಕಾಣೆ. ಪಾನಕದ ಹಬ್ಬ ಅನ್ನೋದನ್ನೂ ನಾನು ಕಲ್ತಿದ್ದು ಆ ಯಮ್ಮನಿಂದಲೇ. ನಂಗಿಂತ ಮುಂಚಿಂದ್ಲೂ ಅಂಗೇ ಅಂತಿತ್ತು. ಆ ದೇವ್ರ ಗುಡೀಗೆ ಓಗೋದು, ಹೆಸರು ಎತ್ತದೇ ಕೈ ಮುಗ್ಯೋದು."

ಕಾಂತರಾಜುವಿನ ಕೈಯಲ್ಲಿದ್ದ ಧೂಪದ ತಟ್ಟೆ ಅಲ್ಲೇ ನಿಂತಿತು.

"ಅವ್ವ" ಎಂದ. ಧ್ವನಿ ಅವನಿಗೇ ಬೇರೆಯವರದಂತೆ ಕೇಳಿತು. "ನೀನು ಪಾನಕದ ಹಬ್ಬ ಅನ್ನೋದು ಅಪ್ಪನ ಹೆಸರು ಬತ್ತದೆ ಅಂತ."

"ಊಂ."

"ಮುತ್ತಜ್ಜಿ ಯಾಕೆ ಅನ್ಬೇಕಿತ್ತು? ಮೊಮ್ಮಗನ ಹೆಸರು ಎತ್ತಬಾರ್ದು ಅಂತ ಯಾವ ಶಾಸ್ತ್ರದಲ್ಲೂ ಇಲ್ವಲ್ಲ."

ಪ್ರೇಮಕುಮಾರಿಯೇ ಮೊದಲು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಶಿವನೇ! ನಮ್ಮಜ್ಜಿಯೂ ನಮ್ಮಣ್ಣನ್ನ ಹೆಸರು ಹಿಡಿದು ಕರೀತಿರ್ಲಿಲ್ಲ ಕಣ್ರೀ. ಅವನಿಗೆ ನಮ್ಮ ತಾತನ ಹೆಸರು ಇಟ್ಟಿದ್ರು."

ಮೊದಲ ಗಂಡು ಮೊಮ್ಮಗನಿಗೆ ತಾತನ ಹೆಸರು. ಮೂವತ್ತನಾಲ್ಕು ವರ್ಷ ಕಾಂತರಾಜು ಅದೇ ದಾರ ಹಿಡಿದು ಊರವರ ಗಂಟು ಬಿಡಿಸಿದ್ದ. ಪುಟಪುಟದಲ್ಲೂ ಅದೇ ಕಂಡಿತ್ತು. ತನ್ನ ಮನೆಗೆ ಮಾತ್ರ ಆ ಲೆಕ್ಕ ಹಾಕಲಿಲ್ಲ. ಯಾಕೆಂದರೆ ದೊರೆ ಜರ್ಮನಿಯವನಲ್ಲವೇ, ಅವನಿಗೆಲ್ಲಿಯ ರಾಮಣ್ಣ! ಧಾರೆ ಎರೆಯುವಾಗ ಹುಡುಗನಿಗೆ ಕೂಗಲು ಒಂದು ಹೆಸರು ಬೇಕಲ್ಲ, ಆಲೆಮನೆಯ ಗೌಡರು ಒಂದು ಇಟ್ಟಿರಬೇಕು. ಊರಿಗೆ ದೊರೆಯಾದವನು ಹೆಂಡತಿಗೆ ಆ ಹೆಸರಿನವನೇ ಆಗಿದ್ದ. ಮಗ ಕೇಳಿದಾಗ ಹೇಳಲಾಗದೆ ದ್ಯಾವಮ್ಮ, ಮೊಮ್ಮಗ ಹುಟ್ಟಿದಾಗ ಹೇಗೋ ಮಾಡಿ ಆ ಹೆಸರು ಅವನಿಗೆ ಇಡಿಸಿ, "ಮನೇಲೇ ಅದೆ, ಹುಡುಕ್ಕೋ" ಎಂದಳು. ಅದು ಮನೆ ತುಂಬ ಓಡಾಡಿಕೊಂಡಿತ್ತು. ಗಂಡಸರು ಅಟ್ಟ ಹತ್ತಿ ಕಾಗದ ಹುಡುಕಿದರು.

"ಮೇ ಬಿ ಅಷ್ಟೇ ಅಪ್ಪ, ಪ್ರೂಫ್ ಇಲ್ಲ" ಎಂದಳು ಗಣಿತದ ಟೀಚರು, ಮೆಲ್ಲಗೆ.

"ಬಾಯ್ಮುಚ್ಚು" ಎಂದ ಕಾಂತರಾಜು. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಕಾಗದ ಬೇಕಿರಲಿಲ್ಲ. ಪ್ರಿಂಟನ್ನು ಮಡಿಸಿ ಜೇಬಿಗೆ ತುರುಕಿದ. ಕಣ್ಣು ಉರಿಯುತ್ತಿದ್ದವು, ಧೂಪದ ಹೊಗೆ ಇರಬೇಕು ಎಂದುಕೊಂಡ. ತಟ್ಟೆ ಎತ್ತಿ ದೊರೆಯ ಎಲೆಯ ಮುಂದೆ ಹಿಡಿದು ಹೆಸರು ಕರೆಯಲು ಬಾಯಿ ತೆರೆದ.

"ನಿಂತ್ಕೊಳ್ಲಾ" ಎಂದಳು ಅನಸೂಯಮ್ಮ.

ಸ್ಪಂದನಾಳ ಹೆಗಲು ಹಿಡಿದು ಎದ್ದಳು. ಒಂದೊಂದೇ ಹೆಜ್ಜೆ ಇಟ್ಟು ಎಲೆಗಳ ಹತ್ತಿರ ಬಂದಳು. ದೊರೆಯ ಎಲೆಯ ಮುಂದೆ ನಿಲ್ಲಲಿಲ್ಲ. ದ್ಯಾವಮ್ಮನ ಸೀರೆಯ ಮುಂದೆ ಕಷ್ಟಪಟ್ಟು ಬಗ್ಗಿ, ಬದುಕಿದ್ದವರ ಕಿವಿಯಲ್ಲಿ ಹೇಳುವಂತೆ ಹೇಳಿದಳು.

"ಅಜ್ಜೀ, ತಪ್ಪಾಯ್ತು ಕಣವ್ವ. ನಂಗೆ ತಿಳೀನಿಲ್ಲ. ಆಗ ನಾಚ್ಕಂಡು ನಾಚ್ಕಂಡು ಮೆತ್ತಗೆ ಯೋಳ್ತಿದ್ದೆ. ಈಗ ಗಟ್ಟಿಯಾಗಿ ಯೋಳ್ತೀನಿ, ಕೇಳುಸ್ಕೊ." ಉಸಿರೆಳೆದುಕೊಂಡಳು. "ರಾಮಣ್ಣ." ಇನ್ನೂ ಗಟ್ಟಿಯಾಗಿ ಕೂಗಿದಳು. "ರಾಮಣ್ಣ. ರಾಮಣ್ಣ ಬಾಪ್ಪಾ, ಉಂಡ್ಕಂಡ್ ಓಗು."

ಆಮೇಲೆ ಗಂಡನ ಎಲೆಯ ಕಡೆ, ಹೊಸ ಪಂಚೆ ಮತ್ತು ಬ್ರಾಂದಿಯ ಕಡೆ ತಿರುಗಿದಳು. ಎಪ್ಪತ್ತು ವರ್ಷದ ಹಿಂದಿನ ನಾಚಿಕೆ ಮುಖದ ಮೇಲೆ ಒಂದು ಗಳಿಗೆ ಬಂದು ಹೋಯಿತು. "ನೀನೂ ಬಾ. ಇಬ್ರೂ ಒಂದೇ ಹೆಸರಿಗೆ ಬಂದ್ರಿ ಅಂತ ಎಲೆ ಅದಲುಬದಲು ಮಾಡ್ಕಬ್ಯಾಡಿ" ಎಂದಳು.

ಉಳಿದವರನ್ನು ಕಾಂತರಾಜು ಕರೆದ. ಎಲ್ಲರೂ ಆಚೆ ಬಂದರು. ಮನು ಬಾಗಿಲು ಎಳೆದುಕೊಂಡ. ಜಗುಲಿಯ ಮೇಲೆ ಅನಸೂಯಮ್ಮ ಮಗನ ತೋಳು ಹಿಡಿದು ಕುಳಿತುಕೊಂಡಳು. ಮೇಲುಸಿರು ಬರುತ್ತಿತ್ತು, ಮುಖ ಮಾತ್ರ ನಿರಾಳವಾಗಿತ್ತು.

"ಕಾಂತ."

"ಏನವ್ವ?"

"ಆ ಬ್ರೆಡ್ಡು ಎತ್ತುಬುಟ್ಟು ಒಂದು ಮುದ್ದೆ ಇಕ್ಕಬೇಕಾಗಿತ್ತು ಕಣ್ಲಾ. ನೂರಾ ಚಿಲ್ರೆ ವರ್ಷ ಆ ಮನ್ಸನ್ನ ನೆಂಟನಂಗೆ ಕಂಡ್ಬುಟ್ವಿ."

ಹಾಕಿದ ಬಾಗಿಲನ್ನು ಎಡೆಯ ನಡುವೆ ತೆಗೆಯಬಾರದು. ಕಾಂತರಾಜುವಿಗೆ ಅದು ಚೆನ್ನಾಗಿ ಗೊತ್ತು. ಆದರೂ ಎದ್ದು ಹಿಂಬಾಗಿಲಿನಿಂದ ಅಡುಗೆಮನೆಗೆ ಹೋಗಿ, ತಟ್ಟೆಗೆ ಒಂದು ಬಿಸಿ ಮುದ್ದೆ ಇಟ್ಟು, ಮೇಲೆ ಸಾರು ಬಿಟ್ಟುಕೊಂಡು ಬಂದ. ನಡುಮನೆಯ ಬಾಗಿಲ ಮುಂದೆ ನಿಂತು, ಒಳಗಿರುವವರಿಗೆ ಗೊತ್ತಾಗಲೆಂದು ಒಂದು ಸಲ ಕೆಮ್ಮಿದ.

"ಮುತ್ತಾತ, ನಾನು ಕಾಂತರಾಜು, ಬಿನ್ ರಾಮಣ್ಣ" ಎಂದ. "ಒಳಗೆ ಬತ್ತಿವ್ನಿ."